ಊರಿನ ಒಪ್ಪಿಗೆಗೆ ಬೆಲೆ ಬಂದ ಬಗೆ: ವರ್ಮಾಂಟ್‌ನ ಒಂದು ಫೈಬರ್ ಪ್ರಕರಣ

ಅಮೆರಿಕದ ಹಳ್ಳಿಗಾಡಿಗೆ ಬ್ರಾಡ್‌ಬ್ಯಾಂಡ್ ತಲುಪಿಸುತ್ತೇವೆಂದು ಕಂಪನಿಗಳು ಸರ್ಕಾರಿ ಅನುದಾನಕ್ಕೆ ಅರ್ಜಿ ಹಾಕುವಾಗ ಕಡತದ ಕೊನೆಯಲ್ಲಿ ಒಂದು ಕಾಗದ ಸೇರಿಸುತ್ತವೆ. ಅದು ಆ ಊರಿನ ಆಡಳಿತ ಮಂಡಳಿ ಕೊಟ್ಟ ಬೆಂಬಲ ಪತ್ರ. ಎಷ್ಟೋ ಸಲ ಅದರ ಒಕ್ಕಣೆಯನ್ನು ಕಂಪನಿಯೇ ಬರೆದು ಕಳಿಸಿರುತ್ತದೆ. ಮಂಡಳಿಯವರು ಊರಿನ ಹೆಸರು ತುಂಬಿ ಸಹಿ ಹಾಕುತ್ತಾರೆ. ಮುಂದಿನ ವಾರ ಇನ್ನೊಂದು ಕಂಪನಿ ಬಂದರೆ ಅದಕ್ಕೂ ಒಂದು ಸಹಿ. ಯಾರಿಗಾದರೂ ಹಣ ಬರಲಿ, ನಮ್ಮೂರಿಗೆ ಇಂಟರ್ನೆಟ್ ಬಂದರೆ ಸಾಕು ಎಂಬುದು ಅವರ ಲೆಕ್ಕ. ಆ ಲೆಕ್ಕವನ್ನು ನಾನು ತಪ್ಪೆನ್ನಲಾರೆ. ಆದರೆ ಹಾಗೆ ಕೊಟ್ಟ ಒಪ್ಪಿಗೆಗೆ ಅನುದಾನ ಕೊಡುವವರ ಮುಂದೆ ತೂಕವಿರುವುದಿಲ್ಲ. ಹಣ ಮಂಜೂರಾದ ಮೇಲೆ ಕಂಪನಿಯ ಮುಂದಂತೂ ಇನ್ನೂ ಇರುವುದಿಲ್ಲ.

ಈ ಒಪ್ಪಿಗೆಗೆ ನಿಜವಾದ ಬೆಲೆ ಹೇಗೆ ಬರುತ್ತದೆ ಎಂಬುದನ್ನು ತಿಳಿಯಲು ವರ್ಮಾಂಟ್ ರಾಜ್ಯದ ಇಸಿಫೈಬರ್ ಪ್ರಕರಣವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದರ ಪೂರ್ಣ ಹೆಸರು ಈಸ್ಟ್ ಸೆಂಟ್ರಲ್ ವರ್ಮಾಂಟ್ ಟೆಲಿಕಮ್ಯುನಿಕೇಷನ್ಸ್ ಡಿಸ್ಟ್ರಿಕ್ಟ್; ಊರುಗಳೇ ಕೂಡಿ ಕಟ್ಟಿದ ಫೈಬರ್ ಜಾಲ ಅದು. ಇಪ್ಪತ್ತಕ್ಕೂ ಹೆಚ್ಚು ಊರುಗಳು ಒಂದೇ ದಿನ ಕೈ ಎತ್ತಿ ಕೊಟ್ಟ ಒಪ್ಪಿಗೆ ಎರಡು ವರ್ಷ ಕಳೆದ ಮೇಲೆ ಯಾರಿಗೂ ಬೇಡವಾಯಿತು. ಹದಿಮೂರು ವರ್ಷ ಕಳೆದ ಮೇಲೆ ಅದೇ ಬಗೆಯ ಒಪ್ಪಿಗೆಯಿಲ್ಲದೆ ಹೊರಗಿನ ಕಂಪನಿಗೆ ಜಾಲ ಕಟ್ಟಲು ರಾಜ್ಯದ ಅನುದಾನ ಸಿಗದು ಎಂಬ ಕಾನೂನೇ ಬಂತು.

ಕೈ ಎತ್ತಿದ ದಿನ

ವರ್ಮಾಂಟ್ ಸಣ್ಣ ರಾಜ್ಯ. ಒಟ್ಟು ಜನಸಂಖ್ಯೆ ಆರೂವರೆ ಲಕ್ಷದ ಆಸುಪಾಸು. ನಡುವೆ ಗ್ರೀನ್ ಮೌಂಟನ್ಸ್ ಬೆಟ್ಟಸಾಲು, ಕಣಿವೆಯಲ್ಲಿ ವೈಟ್ ರಿವರ್ ಹೊಳೆ, ಅಲ್ಲಲ್ಲಿ ಮಣ್ಣಿನ ರಸ್ತೆ, ಆ ರಸ್ತೆಯುದ್ದಕ್ಕೂ ದೂರ ದೂರ ಒಂದೊಂದು ಮನೆ. ಮಲೆನಾಡಿನ ಒಂಟಿ ಮನೆಗಳನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಕೇಬಲ್ ಕಂಪನಿ ಮೈಲಿಗೆ ಎಷ್ಟು ಮನೆ ಎಂದು ಎಣಿಸುತ್ತದೆ. ಪೇಟೆಯ ಬೀದಿಯಲ್ಲಿ ತಂತಿ ಎಳೆದು ಊರಾಚೆ ಮನೆ ತೆಳುವಾಗುವಲ್ಲಿ ನಿಲ್ಲಿಸಿಬಿಡುತ್ತದೆ. ದೂರವಾಣಿ ಕಂಪನಿಯ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಕೊಡುವ ಡಿಎಸ್‌ಎಲ್ ಬಂದರೂ ವಿನಿಮಯ ಕೇಂದ್ರದಿಂದ ದೂರ ಹೋದಷ್ಟೂ ವೇಗ ಸೊರಗುತ್ತದೆ. ಎಷ್ಟೋ ಮನೆಗಳಿಗೆ ಆಗ ದೂರವಾಣಿ ಕರೆಯ ಮೂಲಕ ನಿಧಾನವಾಗಿ ಇಂಟರ್ನೆಟ್ ಕೊಡುವ ಡಯಲ್-ಅಪ್ ಒಂದೇ ಗತಿಯಾಗಿತ್ತು.

ಆ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಟೌನ್ ಮೀಟಿಂಗ್ ದಿನ. ನಮ್ಮ ಗ್ರಾಮಸಭೆ ಕಾಗದದ ಮೇಲೆ ಹೇಗಿದೆಯೋ ಅದು ಅಲ್ಲಿ ಹಾಗೆಯೇ ನಡೆಯುತ್ತದೆ. ಮತದಾರರು ಸಭಾಭವನದಲ್ಲೋ ಶಾಲೆಯಲ್ಲೋ ಸೇರಿ ರಸ್ತೆ ರಿಪೇರಿಯಿಂದ ಹಿಡಿದು ಬಜೆಟ್‌ವರೆಗೆ ಒಂದೊಂದೇ ವಿಷಯ ಎತ್ತಿಕೊಂಡು ಚರ್ಚಿಸಿ ಮತ ಹಾಕುತ್ತಾರೆ. ವರ್ಷದ ಉಳಿದ ದಿನ ಊರಿನ ವ್ಯವಹಾರ ನೋಡಿಕೊಳ್ಳುವುದು ಸೆಲೆಕ್ಟ್‌ಬೋರ್ಡ್ ಎಂಬ ಮೂರು ಅಥವಾ ಐದು ಜನರ ಚುನಾಯಿತ ಮಂಡಳಿ. 2008ರ ಮಾರ್ಚ್ 4ರಂದು ಪೂರ್ವ-ಮಧ್ಯ ವರ್ಮಾಂಟ್‌ನ ಇಪ್ಪತ್ತಕ್ಕೂ ಹೆಚ್ಚು ಊರುಗಳ ಸಭೆಗಳ ಮುಂದೆ ಒಂದೇ ಪ್ರಶ್ನೆ ಬಂತು. ಪ್ರತಿ ಮನೆಗೂ ಫೈಬರ್ ಎಳೆಯುವ ಅಂತರ-ಊರು ಒಪ್ಪಂದಕ್ಕೆ ನಾವೂ ಸೇರೋಣವೇ? ಭಾರಿ ಬಹುಮತದಿಂದ ಹೌದು ಎಂದರು.

ಆ ಹೌದಿನೊಳಗೆ ಒಂದು ಗಟ್ಟಿ ಷರತ್ತೂ ಇತ್ತು: ಊರಿನ ತೆರಿಗೆ ಹಣದಿಂದ ಇದಕ್ಕೆ ಒಂದು ಕಾಸೂ ಹೋಗಕೂಡದು. ಈ ಹೆದರಿಕೆಗೆ ಕಾರಣ ಪಕ್ಕದಲ್ಲೇ ಬೆಳೆಯುತ್ತಿತ್ತು. ರಾಜ್ಯದ ದೊಡ್ಡ ನಗರ ಬರ್ಲಿಂಗ್ಟನ್ ತನ್ನದೇ ಆದ ಬರ್ಲಿಂಗ್ಟನ್ ಟೆಲಿಕಾಂ ಕಟ್ಟಿತ್ತು. ಅದನ್ನು ನಡೆಸಲು ನಗರದ ಖಜಾನೆಯಿಂದ ಸುಮಾರು 1.7 ಕೋಟಿ ಡಾಲರ್ ಬಳಸಿದ್ದು 2009ರಲ್ಲಿ ಬಯಲಾಯಿತು. 2011ರಲ್ಲಿ ಸಿಟಿಬ್ಯಾಂಕ್ 3.3 ಕೋಟಿ ಡಾಲರ್‌ಗೆ ದಾವೆ ಹೂಡಿತು. ನಗರದ ಸಾಲದ ದರ್ಜೆ ಕುಸಿಯಿತು. ಇಸಿಫೈಬರ್ ಯೋಜನೆಯನ್ನು ಮೊದಲಿಗೆ ರೂಪಿಸಿದ ಟಿಮ್ ನಲ್ಟಿ ಅದಕ್ಕೂ ಮೊದಲು ಬರ್ಲಿಂಗ್ಟನ್ ಟೆಲಿಕಾಂ ನಡೆಸಿ ಹೊರಬಂದಿದ್ದವರು. ಹಾಗಾಗಿ ಅಲ್ಲಿ ಸುದ್ದಿ ಕೆಟ್ಟಷ್ಟೂ ಇಲ್ಲಿ ಪ್ರಶ್ನೆಗಳು ಹೆಚ್ಚಾದವು. ತೆರಿಗೆ ಮುಟ್ಟುವುದಿಲ್ಲ ಎಂಬ ಷರತ್ತು ಇರದಿದ್ದರೆ ಈ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗನ್ನಿಸುತ್ತದೆ.

ಆದರೆ ಇದರ ಅರ್ಥವೇನು? ಊರುಗಳು ಹೆಸರು ಕೊಟ್ಟವು, ಪ್ರತಿನಿಧಿಯನ್ನೂ ಕೊಟ್ಟವು, ಹಣ ಮಾತ್ರ ಕೊಡಲಿಲ್ಲ. ಹಣ ಹೊರಗಿನ ಮಾರುಕಟ್ಟೆಯಿಂದ ಬರಬೇಕಿತ್ತು. ಮತ ಹಾಕಿ ಆರು ತಿಂಗಳಾಗುವಷ್ಟರಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತು. ಸಾಲದ ಮಾರುಕಟ್ಟೆ ಮುಚ್ಚಿಹೋಯಿತು, ಅದರೊಂದಿಗೆ ಇಡೀ ಜಾಲವನ್ನು ಒಟ್ಟಿಗೇ ಕಟ್ಟುವ ಯೋಜನೆಯೂ.

ಮತ ಒಬ್ಬರಿಗೆ, ಅನುದಾನ ಇನ್ನೊಬ್ಬರಿಗೆ

2009ರಲ್ಲಿ ಒಬಾಮಾ ಸರ್ಕಾರದ ಆರ್ಥಿಕ ಚೇತರಿಕೆ ಕಾಯ್ದೆ ಬಂತು. ಅದರಲ್ಲಿ ಬ್ರಾಡ್‌ಬ್ಯಾಂಡ್‌ಗೆಂದೇ 720 ಕೋಟಿ ಡಾಲರ್ ಇತ್ತು. ಇಸಿಫೈಬರ್ ಅರ್ಜಿ ಹಾಕಿತು. ಇಪ್ಪತ್ತಕ್ಕೂ ಹೆಚ್ಚು ಊರುಗಳ ಮತದ ದಾಖಲೆ ಕೈಯಲ್ಲಿತ್ತು. ಒಂದು ಮಂಡಳಿ ಸಹಿ ಹಾಕಿದ ಪತ್ರವಲ್ಲ, ಮತದಾರರೇ ಸಭೆಯಲ್ಲಿ ಕೂತು ಕೊಟ್ಟ ಒಪ್ಪಿಗೆ. ಅಮೆರಿಕದಲ್ಲಿ ಅದಕ್ಕಿಂತ ಗಟ್ಟಿಯಾದ ಸ್ಥಳೀಯ ಬೆಂಬಲವನ್ನು ತೋರಿಸುವುದು ಕಷ್ಟ. ಅರ್ಜಿ ತಿರಸ್ಕೃತವಾಯಿತು.

2010ರ ಆಗಸ್ಟ್‌ನಲ್ಲಿ ಕೃಷಿ ಇಲಾಖೆಯ ಗ್ರಾಮೀಣ ಸವಲತ್ತುಗಳ ವಿಭಾಗ ವರ್ಮಾಂಟ್ ಟೆಲಿಫೋನ್ ಕಂಪನಿಗೆ, ಅಂದರೆ ವಿಟೆಲ್‌ಗೆ, ಅನುದಾನ ಮತ್ತು ಸಾಲ ಸೇರಿ ಸುಮಾರು 11.6 ಕೋಟಿ ಡಾಲರ್ ಮಂಜೂರು ಮಾಡಿತು. ದಕ್ಷಿಣದ ಸ್ಪ್ರಿಂಗ್‌ಫೀಲ್ಡ್‌ನ ಖಾಸಗಿ ಕಂಪನಿ ಅದು. ತನ್ನ ಹಳೆಯ ದೂರವಾಣಿ ಗ್ರಾಹಕರಿಗೆ ಫೈಬರ್, ರಾಜ್ಯದ ಉಳಿದ ಭಾಗಗಳಲ್ಲಿ ಸಂಪರ್ಕವಿಲ್ಲದವರಿಗೆ ನಿಸ್ತಂತು ಸೇವೆ ಎಂಬುದು ಅದರ ಯೋಜನೆ. ಫೈಬರ್ ಕೆಲಸವನ್ನು ವಿಟೆಲ್ ಮಾಡಿ ಮುಗಿಸಿತು. ಅದರ ಊರುಗಳ ಜನ ದೇಶದ ಬಹುಪಾಲು ಹಳ್ಳಿಗರಿಗಿಂತ ಮೊದಲೇ ಗಿಗಾಬಿಟ್ ವೇಗ ಕಂಡರು, ಇದನ್ನು ಒಪ್ಪಲೇಬೇಕು. ನಿಸ್ತಂತು ಭಾಗ ಮಾತ್ರ ತಡವಾಯಿತು, ವಾದ-ವಿವಾದಕ್ಕೂ ಕಾರಣವಾಯಿತು. ಬೆಟ್ಟ ಕಾಡುಗಳ ನಾಡಿನಲ್ಲಿ ಗೋಪುರದ ಸಂಕೇತ ಪ್ರತಿ ಕಣಿವೆಯ ಮನೆಗೂ ಇಳಿಯುವುದು ಸುಲಭವಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು, ಏಕೆಂದರೆ ಪ್ರಕರಣದ ಗಂಟು ಇರುವುದು ಇಲ್ಲಿ. ಅನುದಾನ ಕೊಡುವವರು ಅರ್ಜಿದಾರನ ಲೆಕ್ಕಪತ್ರ ನೋಡುತ್ತಾರೆ, ಆಸ್ತಿ, ವರಮಾನ, ಹಿಂದೆ ಸಾಲ ತೀರಿಸಿದ ದಾಖಲೆ ನೋಡುತ್ತಾರೆ. ವಿಟೆಲ್‌ಗೆ ಅವೆಲ್ಲ ಇದ್ದವು. ಇಸಿಫೈಬರ್‌ಗೆ ಇದ್ದದ್ದು ಮತ, ಒಂದು ಒಪ್ಪಂದ ಪತ್ರ, ಮತ್ತು 1994ರಿಂದ ಆ ಕಣಿವೆಯಲ್ಲಿ ಡಯಲ್-ಅಪ್ ಸೇವೆ ಕೊಡುತ್ತಿದ್ದ ವ್ಯಾಲಿನೆಟ್ ಎಂಬ ಲಾಭರಹಿತ ಸಂಸ್ಥೆಯ ಬೆಂಬಲ. ಒಂದೂ ಕಂಬದ ಮೇಲೆ ಅದರ ತಂತಿ ಇರಲಿಲ್ಲ. ಸಾರ್ವಜನಿಕ ಹಣ ಕೊಡುವ ಅಧಿಕಾರಿಯ ಜಾಗದಲ್ಲಿ ನಿಂತು ನೋಡಿದರೆ ಆ ತೀರ್ಮಾನ ನನಗೆ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಇನ್ನೊಂದು. ನಿಸ್ತಂತು ಸೇವೆ ತಲುಪಬೇಕಿದ್ದ ಊರುಗಳಿಗೆ ಈ ಸೇವೆ ಸಾಕೇ, ಇಂಥದ್ದೇ ಬೇಕೇ ಎಂದು ಕೇಳುವ ಒಂದು ಹೆಜ್ಜೆಯೂ ಆ ವ್ಯವಸ್ಥೆಯಲ್ಲಿ ಕಡ್ಡಾಯವಾಗಿರಲಿಲ್ಲ. ನಮಗೆ ಫೈಬರ್ ಬೇಕು ಎಂದು ಸಭೆ ಸೇರಿ ಹೇಳಿದ್ದವರ ಮಾತು ಕಡತದ ಒಂದು ಲಗತ್ತಾಗಿ ಉಳಿಯಿತು.

ಇದೇ ಹೊತ್ತಿಗೆ ಹಳೆಯ ದೂರವಾಣಿ ಜಾಲವೂ ಅಲುಗಾಡುತ್ತಿತ್ತು. ವೆರೈಝನ್‌ನಿಂದ 2008ರಲ್ಲಿ ಈ ಭಾಗದ ತಂತಿಗಳನ್ನು ಕೊಂಡ ಫೇರ್‌ಪಾಯಿಂಟ್ 2009ರ ಅಕ್ಟೋಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಯಾರನ್ನು ಕಾಯುವುದು?

ಬಾರ್ನಾರ್ಡ್‌ನ ಕಂಬಗಳು

ಕಾಯಲಿಲ್ಲ. ಊರಿನವರೇ ಸಾಲ ಕೊಟ್ಟರು. ಇಸಿಫೈಬರ್ 2,500 ಡಾಲರ್ ಮುಖಬೆಲೆಯ ಸಾಲಪತ್ರಗಳನ್ನು ಮಾರಲು ಶುರು ಮಾಡಿತು. ತೆರಿಗೆ ಮುಟ್ಟದೆ ಊರಿನೊಳಗಿಂದ ಹಣ ಎತ್ತುವ ದಾರಿ ಅದೊಂದೇ ಉಳಿದಿತ್ತು. ಮೊದಲ ಕಂತು ಬಾರ್ನಾರ್ಡ್ ಎಂಬ, ಸಾವಿರ ಜನಸಂಖ್ಯೆಯೂ ಮುಟ್ಟದ ಊರಿನ ಸಣ್ಣ ಜಾಲಕ್ಕೆ ಹೋಯಿತು. 2011ರ ಆಗಸ್ಟ್‌ನಲ್ಲಿ ಮೊದಲ ಮನೆಗೆ ಸಂಪರ್ಕ ಬಂತು. ಅದೇ ತಿಂಗಳ 28ರಂದು ಐರೀನ್ ಚಂಡಮಾರುತದ ಮಳೆಗೆ ಸುತ್ತಲಿನ ರಸ್ತೆ ಸೇತುವೆಗಳು ಕೊಚ್ಚಿಹೋಗಿ ರೋಚೆಸ್ಟರ್, ಸ್ಟಾಕ್‌ಬ್ರಿಜ್‌ನಂಥ ಊರುಗಳು ಹೊರಜಗತ್ತಿನಿಂದ ಕಡಿದುಹೋದವು. ಆಮೇಲಿನ ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಜನ ಕೊಂಡ ಸಾಲಪತ್ರಗಳಿಂದ ಸುಮಾರು 70 ಲಕ್ಷ ಡಾಲರ್ ಕೂಡಿತು.

ಆ ಹಣ ಎಲ್ಲಿ ಖರ್ಚಾಗುತ್ತಿತ್ತು ಎಂದು ತಿಳಿಯಲು ಒಂದು ಕಂಬವನ್ನು ಹತ್ತಿರದಿಂದ ನೋಡಬೇಕು. ಮೇಲ್ತುದಿಯಲ್ಲಿ ವಿದ್ಯುತ್ ತಂತಿ. ಅದರ ಕೆಳಗೆ ಸುಮಾರು 40 ಇಂಚು ಖಾಲಿ ಜಾಗ. ಸಂಪರ್ಕ ತಂತಿ ಎಳೆಯುವ ಕೆಲಸಗಾರನ ಪ್ರಾಣರಕ್ಷಣೆಗೆ ಬಿಟ್ಟ ಅಂತರ ಅದು, ಅಲ್ಲಿ ಯಾರೂ ತಂತಿ ಕಟ್ಟುವಂತಿಲ್ಲ. ಅದಕ್ಕೂ ಕೆಳಗೆ ಕೇಬಲ್ ಟಿವಿ, ಎಲ್ಲಕ್ಕಿಂತ ಕೆಳಗೆ ದೂರವಾಣಿ. ಹೊಸಬರು ಬಂದರೆ ಈ ಸಾಲಿನಲ್ಲಿ ಒಂದು ಅಡಿ ಜಾಗ ಬಿಡಿಸಿಕೊಳ್ಳಬೇಕು. ಹಳಬರ ತಂತಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಕಂಬ ಗಿಡ್ಡವಾಗಿದ್ದರೆ ಕಿತ್ತು ಉದ್ದದ ಕಂಬ ನೆಡಬೇಕು. ಈ ಸಿದ್ಧತೆಗೆ ಅಲ್ಲಿ ಮೇಕ್-ರೆಡಿ ಎನ್ನುತ್ತಾರೆ. ಖರ್ಚು ಹೊಸಬರದು, ಕೆಲಸದ ವೇಳಾಪಟ್ಟಿ ಕಂಬದ ಒಡೆಯರದು. ಒಡೆಯರು ವಿದ್ಯುತ್ ಕಂಪನಿ ಮತ್ತು ದೂರವಾಣಿ ಕಂಪನಿ, ಅಂದರೆ ಒಬ್ಬರು ಸ್ಪರ್ಧಿಯೇ. ಊರಿನ ಸಭೆ ಎಷ್ಟೇ ದೊಡ್ಡ ದನಿಯಲ್ಲಿ ಹೌದು ಎಂದಿದ್ದರೂ ಈ ಒಂದು ಅಡಿ ಜಾಗ ಪುಕ್ಕಟೆ ಸಿಗಲಿಲ್ಲ.

ಸಾಲಪತ್ರದ ದಾರಿಗೆ ಇನ್ನೊಂದು ಮಿತಿಯಿತ್ತು. ಅದನ್ನು ಹೊಗಳಿಕೆಯ ಮಾತಿನಲ್ಲಿ ಮುಚ್ಚಬಾರದು. ಹಣ ಕೂಡಿದ ಕಡೆಗೆ ತಂತಿ ಮೊದಲು ಹೋಗುತ್ತದೆ. 2,500 ಡಾಲರ್ ಎತ್ತಿಡಬಲ್ಲ ಹತ್ತು ಮನೆ ಇರುವ ರಸ್ತೆಗೂ ತಿಂಗಳ ಸಂಬಳದಲ್ಲಿ ಏಗುವ ಹತ್ತು ಮನೆಗಳ ರಸ್ತೆಗೂ ವ್ಯತ್ಯಾಸ ಬಿದ್ದೇ ಬೀಳುತ್ತದೆ. ಪ್ರತಿ ಮನೆಗೂ ಎಂದು 2008ರಲ್ಲಿ ಕೊಟ್ಟ ಮಾತು ಉಳಿಯಬೇಕಾದರೆ ನೆರೆಹೊರೆಯ ಉಳಿತಾಯದಾಚೆಗೆ ಬೇರೆ ಬಂಡವಾಳ ಬೇಕಿತ್ತು. ಅನುದಾನ ಇರಬೇಕಾದದ್ದು ಈ ಅಂತರ ತುಂಬುವುದಕ್ಕೇ.

ಒಪ್ಪಿಗೆಗೆ ಒಂದು ದೇಹ

2015ರಲ್ಲಿ ವರ್ಮಾಂಟ್ ಶಾಸನಸಭೆ ಕಮ್ಯುನಿಕೇಷನ್ಸ್ ಯೂನಿಯನ್ ಡಿಸ್ಟ್ರಿಕ್ಟ್ ಎಂಬ ಹೊಸ ಬಗೆಯ ಸ್ಥಳೀಯ ಸಂಸ್ಥೆಗೆ ಕಾನೂನು ಮಾಡಿತು. ಅಲ್ಲಿನವರು ಸಿಯುಡಿ ಎನ್ನುತ್ತಾರೆ. ಊರುಗಳ ಸಂಪರ್ಕ ಒಕ್ಕೂಟ ಎಂದುಕೊಳ್ಳಬಹುದು. ನೀರು, ಚರಂಡಿ, ಕಸ ವಿಲೇವಾರಿಗೆ ಊರುಗಳು ಒಕ್ಕೂಟ ಕಟ್ಟುವ ರೂಢಿ ಅಲ್ಲಿ ಮೊದಲೇ ಇತ್ತು. ಎರಡು ಅಥವಾ ಹೆಚ್ಚು ಊರುಗಳ ಮತದಾರರು ಒಪ್ಪಿದರೆ ಒಕ್ಕೂಟ ಹುಟ್ಟುತ್ತದೆ. ಪ್ರತಿ ಊರಿನ ಸೆಲೆಕ್ಟ್‌ಬೋರ್ಡ್ ಒಬ್ಬ ಪ್ರತಿನಿಧಿಯನ್ನೂ ಅವರು ಬರಲಾಗದಾಗ ಕೂರುವ ಬದಲಿಯನ್ನೂ ನೇಮಿಸುತ್ತದೆ. ದೊಡ್ಡ ಊರಿಗೂ ಒಂದೇ ಮತ, ಸಣ್ಣ ಊರಿಗೂ ಒಂದೇ ಮತ. ಒಕ್ಕೂಟ ತೆರಿಗೆ ಹಾಕುವಂತಿಲ್ಲ. ಗ್ರಾಹಕರಿಂದ ಬರುವ ವರಮಾನದ ಆಧಾರದ ಮೇಲೆ ಬಾಂಡ್ ಹೊರಡಿಸಬಹುದು, ಅದು ಮುಳುಗಿದರೆ ಸದಸ್ಯ ಊರಿನ ಖಜಾನೆ ಹೊಣೆಯಲ್ಲ. ಬರ್ಲಿಂಗ್ಟನ್ ಕಲಿಸಿದ ಪಾಠವನ್ನು ಕಾನೂನಿನ ಕಲಮುಗಳಲ್ಲೇ ಬರೆದಿಟ್ಟರು.

2016ರ ಜನವರಿ 1ರಂದು ಇಸಿಫೈಬರ್ ಈ ಕಾನೂನಿನಡಿ ರಾಜ್ಯದ ಮೊದಲ ಒಕ್ಕೂಟವಾಯಿತು. ಅದೇ ವರ್ಷ 90 ಲಕ್ಷ ಡಾಲರ್‌ನ ಮೊದಲ ಬಾಂಡ್ ಹೊರಡಿಸಿತು. ಸಾಲಪತ್ರ ಕೊಂಡ ನೆರೆಹೊರೆಯವರು ನಾಲ್ಕೈದು ವರ್ಷ ಸಾಕಿದ ಜಾಲ ಗ್ರಾಹಕರನ್ನೂ ಮಾಸಿಕ ವರಮಾನವನ್ನೂ ತೋರಿಸಬಲ್ಲ ಸ್ಥಿತಿಗೆ ಬಂದಿತ್ತು. 2010ರಲ್ಲಿ ಇಲ್ಲದಿದ್ದ ಲೆಕ್ಕಪತ್ರ ಈಗ ಇತ್ತು. ಮಾರುಕಟ್ಟೆ ಸಾಲ ಕೊಟ್ಟದ್ದು ಅದನ್ನು ನೋಡಿ.

2019ರ ಕಾನೂನು ಹೊಸ ಒಕ್ಕೂಟಗಳ ಸಾಧ್ಯತಾ ಅಧ್ಯಯನಕ್ಕೆ 60 ಸಾವಿರ ಡಾಲರ್‌ವರೆಗೆ ಅನುದಾನ ಕೊಟ್ಟಿತು. ಬೇರೆ ಭಾಗದ ಊರುಗಳೂ ಒಂದೊಂದಾಗಿ ಸೇರತೊಡಗಿದವು. ಮರುವರ್ಷ ಕೋವಿಡ್ ಬಂತು. ಗ್ರಂಥಾಲಯದ ವೈಫೈ ಹಿಡಿಯಲು ಅದರ ಹೊರಗೆ ಕಾರಿನಲ್ಲಿ ಕೂತು ಮಕ್ಕಳು ಪಾಠ ಕೇಳಿದರು. ನಮ್ಮ ಮಲೆನಾಡಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದೂ ಅದೇ ವರ್ಷ. ಅಂಥ ದೃಶ್ಯ ಕಂಡ ಮೇಲೆ ಯಾವ ಶಾಸಕನೂ ಇದು ಐಷಾರಾಮ ಎಂದು ವಾದಿಸುವಂತಿರಲಿಲ್ಲ.

2021ರ ಜೂನ್‌ನಲ್ಲಿ ರಾಜ್ಯಪಾಲ ಫಿಲ್ ಸ್ಕಾಟ್ 71ನೇ ಕಾಯ್ದೆಗೆ ಸಹಿ ಹಾಕಿದರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು.) ಅಮೆರಿಕದ ಕೇಂದ್ರ ಸರ್ಕಾರ ಕೋವಿಡ್ ಪರಿಹಾರವೆಂದು ಕೊಟ್ಟ ಹಣದಲ್ಲಿ 15 ಕೋಟಿ ಡಾಲರ್ ಬ್ರಾಡ್‌ಬ್ಯಾಂಡ್‌ಗೆ. ಅದನ್ನು ಹಂಚಲು ವರ್ಮಾಂಟ್ ಕಮ್ಯುನಿಟಿ ಬ್ರಾಡ್‌ಬ್ಯಾಂಡ್ ಬೋರ್ಡ್. ಯಾರು ಅರ್ಜಿ ಹಾಕಬಹುದು ಎಂಬ ಕಲಮಿನಲ್ಲಿ ಇಡೀ ಪ್ರಕರಣದ ತಿರುವು ಇದೆ. ಊರುಗಳ ಒಕ್ಕೂಟ ಹಾಕಬಹುದು, ಸಣ್ಣ ಸ್ಥಳೀಯ ದೂರವಾಣಿ ಸಂಸ್ಥೆಗಳು ಹಾಕಬಹುದು. ಬೇರೆ ಕಂಪನಿಯಾದರೆ ಆ ಭಾಗದ ಒಕ್ಕೂಟದ ಜೊತೆಗೂಡಿ, ಅದರ ಸಾರ್ವತ್ರಿಕ ಸೇವಾ ಯೋಜನೆಯ ಭಾಗವಾಗಿ ಬರಬೇಕು. ಕಟ್ಟುವ ಜಾಲ ಏರು-ಇಳಿ ಎರಡೂ ದಿಕ್ಕಿನಲ್ಲಿ 100 ಎಂಬಿಪಿಎಸ್ ಕೊಡಬೇಕು. ಲಾಭದ ರಸ್ತೆಗಳನ್ನಷ್ಟೇ ಆರಿಸಿಕೊಂಡು ಬೆಟ್ಟದ ಮೇಲಿನ ಮನೆ ಬಿಡಲು ಬರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಕಡತದ ಲಗತ್ತಾಗಿದ್ದದ್ದು ಈಗ ಬಾಗಿಲಾಯಿತು.

ಒಕ್ಕೂಟವೇ ತಂತಿಯ ಒಡೆತನ ಹೊಂದಬೇಕೆಂಬ ನಿಯಮ ಇದರಲ್ಲಿಲ್ಲ. ಬೆನ್ನಿಂಗ್ಟನ್ ಕಡೆಯ ಸದರ್ನ್ ವರ್ಮಾಂಟ್ ಒಕ್ಕೂಟ ತನ್ನದೇ ಜಾಲ ಕಟ್ಟದೆ ಕನ್ಸಾಲಿಡೇಟೆಡ್ ಕಮ್ಯುನಿಕೇಷನ್ಸ್ ಎಂಬ ಖಾಸಗಿ ಕಂಪನಿಯೊಂದಿಗೆ ಕೈಜೋಡಿಸಿತು. ಫೇರ್‌ಪಾಯಿಂಟ್‌ನ ತಂತಿ ಕಂಬಗಳನ್ನು 2017ರಲ್ಲಿ ಕೊಂಡದ್ದು ಇದೇ ಕಂಪನಿ. ಇದನ್ನು ಸೋಲು ಎನ್ನುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಕಂಬದಲ್ಲಿ ಮೊದಲೇ ಜಾಗ ಇರುವವರು ಬೇಗ ಕಟ್ಟುತ್ತಾರೆ, ತಮ್ಮ ಬಂಡವಾಳವನ್ನೂ ಹಾಕುತ್ತಾರೆ. ಬಯಸಿದ್ದು ಸಂಪರ್ಕವಾದರೆ ಅದು ಬೇಗ ಬಂತು. ಕಳೆದುಕೊಂಡದ್ದೂ ಇದೆ: ಹತ್ತು ವರ್ಷದ ನಂತರ ದರ ಏರಿಸುವ, ಕಂಪನಿಯನ್ನು ಇನ್ನೊಬ್ಬರಿಗೆ ಮಾರುವ ತೀರ್ಮಾನ ಊರುಗಳ ಕೈಯಲ್ಲಿಲ್ಲ. ಇಸಿಫೈಬರ್‌ನಲ್ಲಿ ತಂತಿ ಊರುಗಳದ್ದು; ನಡೆಸುವವರನ್ನು ಬದಲಿಸಬಹುದು, ತಂತಿ ಅಲ್ಲೇ ಇರುತ್ತದೆ. ಈ ಎರಡರ ನಡುವೆ ಆರಿಸುವ ಅಧಿಕಾರ ಊರಿಗೆ ಇತ್ತಲ್ಲ, ಒಪ್ಪಿಗೆ ಎಂಬ ಮಾತಿಗೆ ಅರ್ಥ ಬಂದದ್ದು ಅಲ್ಲಿ.

ಖಾಸಗಿ ಕಂಪನಿಗೆ ಬೆಂಬಲ ಪತ್ರ ಕೊಡುವ ಯಾವುದೇ ಊರು ಇದರಿಂದ ತೆಗೆದುಕೊಳ್ಳಬಹುದಾದದ್ದು ಬಹಳ ಸರಳ. ಪತ್ರವನ್ನು ಕಂಪನಿ ಬರೆದು ತರುವುದಕ್ಕೆ ಬಿಡದೆ ತಾನೇ ಬರೆಯುವುದು. ಯಾವ ರಸ್ತೆಯ ಯಾವ ಮನೆಗಳು ಎಂದು ನಕ್ಷೆ ಕೇಳಿ, ಅದನ್ನು ಪತ್ರದ ಜೊತೆಗೇ ಲಗತ್ತಿಸುವುದು, ಏಕೆಂದರೆ ಅರ್ಜಿಯಲ್ಲಿ ಇಡೀ ಊರು ಎಂದಿದ್ದದ್ದು ಕಾಮಗಾರಿಯಲ್ಲಿ ಮುಖ್ಯ ರಸ್ತೆಗೆ ಕುಗ್ಗುವುದು ಬಹಳ ಸುಲಭ. ತಂತಿ ಕಂಬದಿಂದ ಮನೆಯ ಗೋಡೆಗೆ ಬರುವ ಖರ್ಚು ಯಾರದು ಎಂದು ಈಗಲೇ ಕೇಳುವುದು. ಮಣ್ಣಿನ ರಸ್ತೆಯಿಂದ ಅರ್ಧ ಮೈಲಿ ಒಳಗಿರುವ ಮನೆಗೆ ಆ ಒಂದು ಸಾಲೇ ಸಂಪರ್ಕ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ. ಮತ್ತೆ, ಕೆಲಸ ಎಲ್ಲಿಗೆ ಬಂತು ಎಂದು ಮೂರು ತಿಂಗಳಿಗೊಮ್ಮೆ ಮಂಡಳಿಯ ಮುಂದೆ ಬಂದು ಹೇಳುವ ಮಾತು ಕೊಡದ ಹೊರತು ಸಹಿ ಹಾಕದಿರುವುದು. ಎರಡು ಕಂಪನಿಗಳು ಬಂದರೆ ಇಬ್ಬರಿಗೂ ಇದೇ ಪ್ರಶ್ನೆ ಕೇಳಿ, ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿ, ಒಬ್ಬರನ್ನು ಆರಿಸುವುದು. ಎಲ್ಲರಿಗೂ ಕೊಟ್ಟ ಪತ್ರವನ್ನು ಯಾರೂ ಓದುವುದಿಲ್ಲ.

ಇಸಿಫೈಬರ್ ದಾರಿ ನಿಧಾನದ್ದು. 2008ರಲ್ಲಿ ಕೈ ಎತ್ತಿದವರಲ್ಲಿ ಎಷ್ಟೋ ಜನ ಸಂಪರ್ಕಕ್ಕೆ ಹತ್ತು ವರ್ಷ ಮೀರಿ ಕಾದರು. ಆಗ ಒಂದನೇ ತರಗತಿಯಲ್ಲಿದ್ದ ಮಗು ಅಷ್ಟರಲ್ಲಿ ಶಾಲೆಯನ್ನೇ ಮುಗಿಸುವ ವಯಸ್ಸಿಗೆ ಬಂದಿತ್ತು. ಅರ್ಜಿ ತಿರಸ್ಕರಿಸಿದವರ ಲೆಕ್ಕ ಸರಿಯಿದ್ದರೂ ಈ ವರ್ಷಗಳ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಒಕ್ಕೂಟದಲ್ಲಿ ಈಗ 31 ಊರುಗಳಿವೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರದ ಹೊಸ ಬ್ರಾಡ್‌ಬ್ಯಾಂಡ್ ಯೋಜನೆಯಲ್ಲಿ ವರ್ಮಾಂಟ್‌ಗೆ ಸುಮಾರು 22.9 ಕೋಟಿ ಡಾಲರ್ ಹಂಚಿಕೆಯಾಯಿತು. ಹಣದ ಮೊತ್ತ ದೊಡ್ಡದಾದಷ್ಟೂ ಕಡತ ದಪ್ಪವಾಗುತ್ತದೆ. ಅದನ್ನು ಓದಬೇಕಾದವರು ಊರಿನ ಪ್ರತಿನಿಧಿಗಳು: ಹಗಲು ಬೇರೆ ಕೆಲಸ ಮಾಡಿ ಸಂಜೆ ಸಭೆಗೆ ಕೂರುವ ಸ್ವಯಂಸೇವಕರು. ಅವರ ನೇಮಕ ಒಂದೇ ವರ್ಷಕ್ಕೆ. ಹಿಮ ಕರಗಿ ಮಣ್ಣಿನ ರಸ್ತೆಗಳು ಕೆಸರಾಗುವ ಹೊತ್ತಿಗೆ ಪ್ರತಿ ಊರಿನ ಸೆಲೆಕ್ಟ್‌ಬೋರ್ಡ್ ಮುಂದಿನ ವರ್ಷಕ್ಕೆ ಯಾರು ಹೋಗುತ್ತೀರಿ ಎಂದು ಮತ್ತೆ ಕೇಳಬೇಕು, ಯಾರಾದರೊಬ್ಬರು ನಾನು ಹೋಗುತ್ತೇನೆ ಎನ್ನಬೇಕು.